ಐನೂರರ ನೋಟಿನ ನಾಮಕರಣ

ಗಣೇಶನ ಹಬ್ಬಕ್ಕೆ ಇನ್ನೂ ಹದಿನೈದು ದಿನವಿದೆ ಎನ್ನುವಾಗಲೇ ಬೀದಿಯ ಹುಡುಗರ ಕೈಗೆ ರಸೀದಿ ಪುಸ್ತಕ ಬಂದುಬಿಡುತ್ತದೆ. ಬಾಗಿಲಲ್ಲಿ ನಿಂತು ಅವರು ಕೇಳುವುದು ಚಂದಾ. ಪುಸ್ತಕದಲ್ಲಿ ಅಚ್ಚಾಗಿರುವುದು ದೇಣಿಗೆ. "ಎದುರುಮನೆ ಅಂಕಲ್ ಸಾವಿರ ಕೊಟ್ರು" ಎಂದು ಹಿಂದಿನ ಹಾಳೆ ತಿರುವಿ ತೋರಿಸಿದರೋ, ಅದು ವಂತಿಗೆ. "ಏನೋ ಒಂದು ಕೊಟ್ಟು ಕಳಿಸ್ರೀ, ಒಲೆ ಮೇಲೆ ಹಾಲಿದೆ" ಎಂದು ಅಡುಗೆಮನೆಯಿಂದ ಕೂಗು ಬಂದರೆ ಭಿಕ್ಷೆಯ ದರ್ಜೆಗೇ ಇಳಿಯಿತು. ಕೊಟ್ಟದ್ದು ಮಾತ್ರ ಅದೇ ಐನೂರರ ನೋಟು.

ಎಷ್ಟು ಕೊಟ್ಟರು ಎಂಬುದಕ್ಕಿಂತ ಯಾರ ಕೈ ಮೇಲೆ, ಯಾರ ಕೈ ಕೆಳಗೆ ಎಂಬುದರ ಮೇಲೆ ಕನ್ನಡಕ್ಕೆ ಕಣ್ಣು. ಹುಂಡಿಗೆ ಬಿದ್ದರೆ ಕಾಣಿಕೆ. ಹರಕೆ ಮರೆತು ಆಮೇಲೆ ಹೆದರಿ ಹಾಕಿದರೆ ತಪ್ಪು ಕಾಣಿಕೆ. ಎಲೆ-ಅಡಿಕೆಯ ಜೊತೆ ಪುರೋಹಿತರ ಕೈಸೇರಿದರೆ ದಕ್ಷಿಣೆ. ಅದರ ಹಿಂದೆ 'ವರ' ಸೇರಿಕೊಂಡರೆ ಮಾತ್ರ 1961ರ ಕಾಯ್ದೆಯಂತೆ ಅಪರಾಧ. ಭಿಕ್ಷೆಗೂ ಎರಡು ಬಾಗಿಲು. ಬಸ್ ಸ್ಟ್ಯಾಂಡಿನಲ್ಲಿ ಕೈಚಾಚಿದವನಿಗೆ "ಮುಂದೆ ಹೋಗಪ್ಪ". ಗುರುಗಳು ಮನೆಗೆ ಬಂದು ಭಿಕ್ಷೆ ಸ್ವೀಕರಿಸುತ್ತಾರೆಂದರೆ ಗೋಡೆಗೆ ಸುಣ್ಣಬಣ್ಣ, ಅಡುಗೆಯವರಿಗೆ ಮುಂಗಡ, ನೂರೆಲೆ ಊಟ.

ಎಲ್ಲಕ್ಕಿಂತ ಸ್ವಾರಸ್ಯದ ಗತಿ 'ಧರ್ಮ'ದ್ದು. ಶಾಸ್ತ್ರಕಾರರು ಅದರ ಅರ್ಥ ಹುಡುಕುತ್ತ ಗ್ರಂಥದ ಮೇಲೆ ಗ್ರಂಥ ಬರೆದರು. ಜನ ಅದಕ್ಕೆ 'ಪುಕ್ಕಟೆ' ಎಂದು ಅರ್ಥ ಕಟ್ಟಿ ಕೆಲಸ ಮುಗಿಸಿದರು. ಕಾಸಿಲ್ಲದೆ ಮದ್ದು ಸಿಗುವುದು ಧರ್ಮಾಸ್ಪತ್ರೆ, ಟಿಕೆಟ್ ಇಲ್ಲದೆ ದೇವರನ್ನು ನೋಡುವ ಉದ್ದನೆಯ ಸಾಲು ಧರ್ಮದರ್ಶನ. ಬೆಂಗಳೂರಿನ ರೈಲು ನಿಲ್ದಾಣದ ಎದುರು ಧರ್ಮಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರಿಗೆ ಮೈಸೂರು ಮಹಾರಾಜರು 'ಧರ್ಮಪ್ರವರ್ತ' ಎಂಬ ಬಿರುದನ್ನೇ ಕೊಟ್ಟರು. ಅದೇ ನಿಲ್ದಾಣದಲ್ಲಿ ಸರ ಕಿತ್ತು ಓಡಿ ಸಿಕ್ಕಿಬಿದ್ದವನಿಗೆ ಸಾರ್ವಜನಿಕರು ಕೊಡುವುದೂ ಧರ್ಮದೇಟು. ಕೇಳದೆ ಕೊಡುವುದು, ಪ್ರತಿಫಲ ಬಯಸದೆ ಕೊಡುವುದು, ಪಾತ್ರನಿಗೆ ಕೊಡುವುದು: ದಾನದ ಲಕ್ಷಣಗಳೆಲ್ಲ ಅಲ್ಲಿವೆ, ಅಲ್ಲವೆನ್ನುವಂತಿಲ್ಲ.

ಮೇಲಿನ ಕೈಯ ಈ ಗತ್ತು ಹನ್ನೆರಡನೆಯ ಶತಮಾನದ ಶರಣರಿಗೆ ಹಿಡಿಸಲಿಲ್ಲ. ಅವರು ಹಿಡಿದ ಮಾತು ದಾಸೋಹ. ಅದರಲ್ಲಿ ಕೊಡುವವನೇ ದಾಸ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಣ್ಣುವ ಮುದ್ದೆ-ಸಾರಿಗೆ ಇಂದಿಗೂ ಅದೇ ಹೆಸರು. ಇಳಕಲ್ಲಿನ ಮಹಾಂತ ಸ್ವಾಮಿಗಳಂತೂ ಜೋಳಿಗೆ ಹಿಡಿದು ಊರೂರು ಸುತ್ತಿ ಬೇಡಿದ್ದು ದುಡ್ಡನ್ನಲ್ಲ, ಜನರ ದುಶ್ಚಟಗಳನ್ನು. ಕುಡಿತ, ಬೀಡಿ, ಗುಟ್ಕಾ ಏನಿದ್ದರೂ ಹಾಕಿ ಎಂದರು. ಇದ್ದದ್ದನ್ನು ಕೊಟ್ಟೂ ಹಗುರಾಗುವ ಇಂಥ ಯೋಜನೆ ಬೇರಾವ ಟ್ರಸ್ಟಿನಲ್ಲಿದೆ?

ಇನ್ನು ದತ್ತಿ. ಸುಮಾರು ಕ್ರಿ.ಶ. 450ರದೆನ್ನುವ ಹಲ್ಮಿಡಿ ಶಾಸನವೂ ಒಂದು ದತ್ತಿಯ ಕಾಗದವೇ. ಕೊಟ್ಟ ಸಂಗತಿ ಹೇಳಿ, ಕದ್ದವನಿಗೆ ಮಹಾಪಾತಕ ಸುತ್ತಿಕೊಳ್ಳಲಿ ಎಂದಷ್ಟೇ ಅದು ಬೆದರಿಸುತ್ತದೆ. ಮುಂದಿನವರಿಗೆ ಅಷ್ಟು ಸಾಲಲಿಲ್ಲ. ದತ್ತಿ ಬಿಟ್ಟ ಭೂಮಿಯನ್ನು ಕಬಳಿಸಿದವನು ವಾರಣಾಸಿಯಲ್ಲಿ ಕಪಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿರುತ್ತಾನೆ ಎಂದು ಕಲ್ಲಿನ ಮೇಲೆ ಕಲ್ಲು ಕೆತ್ತಿಸಿದರು. ಒಂದೇ ಶಾಪವನ್ನು ಶತಮಾನಗಟ್ಟಲೆ ಕೆತ್ತಿಸಬೇಕಾಯಿತೆಂದರೆ ಒತ್ತುವರಿ ನಿನ್ನೆ ಮೊನ್ನೆಯದಲ್ಲ. ಆದರೆ ಬಡ್ಡಿದರ ಇಳಿದರೆ ಯಾರು ಹುಳುವಾಗಬೇಕು ಎಂದು ಯಾವ ಶಾಸನವೂ ಹೇಳಿಲ್ಲ. ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳಿಗೆ ಹೋಗುವವರಿಗೆ ಈ ಸಂಕಟ ಗೊತ್ತು. ದಶಕಗಳ ಹಿಂದೆ ತಂದೆತಾಯಿಯ ನೆನಪಿಗೆ ಯಾರೋ ಇಟ್ಟ ಸಣ್ಣ ಇಡುಗಂಟಿನ ಬಡ್ಡಿಯಲ್ಲಿ ಈಗ ಹಾರ ತಂದರೆ ಶಾಲಿಲ್ಲ, ಶಾಲು ತಂದರೆ ಕಾಫಿಯಿಲ್ಲ.

ಕೆತ್ತಿಸುವ ಚಟವಂತೂ ಕಲ್ಲಿನಿಂದ ಟ್ಯೂಬ್‌ಲೈಟಿಗೆ, ಅಲ್ಲಿಂದ ಫ್ಯಾನಿಗೆ ಏರಿದೆ. ದೇವಸ್ಥಾನದ ಸಭಾಂಗಣದಲ್ಲಿ ಕತ್ತೆತ್ತಿದರೆ ಮೂರು ರೆಕ್ಕೆಗೂ ಕೆಂಪು ಬಣ್ಣದಲ್ಲಿ ಅದೇ ಹೆಸರು, ಕೆಳಗೆ 'ಮತ್ತು ಕುಟುಂಬದವರು'. ತಿರುಗಿದರೆ ಗಾಳಿ ಬರುತ್ತದೆ, ಹೆಸರು ಮಾಯ. ನಿಂತರೆ ಹೆಸರುಂಟು, ಬೆವರೂ ಉಂಟು. ದಾನಿಗಳು ಬಂದ ದಿನ ಫ್ಯಾನನ್ನು ಯಾವ ವೇಗದಲ್ಲಿ ಇಡಬೇಕೆಂಬುದನ್ನು ಆಡಳಿತ ಮಂಡಳಿಯವರು ನಡಾವಳಿ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಇಷ್ಟೆಲ್ಲ ಮಾತಿದ್ದೂ ಶಾಲೆ-ಕಾಲೇಜಿನ ಸೀಟಿಗೆ ಕೊಡುವ ದುಡ್ಡಿಗೆ ಕನ್ನಡ ತನ್ನ ಹೆಸರು ಕೊಡಲು ಹಿಂಜರಿಯಿತು. ಅದು ಡೊನೇಷನ್ ಆಗಿಯೇ ಉಳಿಯಿತು. ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾಯ್ದೆ ಮಾಡಿತು. ಪ್ರತಿ ಜೂನ್‌ನಲ್ಲಿ ಪತ್ರಿಕೆಗಳು 'ಡೊನೇಷನ್ ಹಾವಳಿ' ಎಂದು ಶೀರ್ಷಿಕೆ ಕೊಡುವುದು ನಿಂತಿಲ್ಲ. ಆನೆ ಹಾವಳಿ, ಮಂಗಗಳ ಹಾವಳಿ, ಸೊಳ್ಳೆ ಹಾವಳಿಗಳ ಸಾಲಿನಲ್ಲಿ ಕೂತ ದಾನ ಇದೊಂದೇ. ರಸೀದಿ ಕೇಳುವ ಧೈರ್ಯವಂತರಿಗೆ 'ಕಟ್ಟಡ ನಿಧಿ' ಎಂದು ಬರೆದು ಕೊಡುವುದುಂಟು; ಮಗು ಹತ್ತನೇ ಕ್ಲಾಸು ಮುಗಿಸಿದರೂ ಕಟ್ಟಡ ಮುಗಿಯುವುದಿಲ್ಲ.

ನಿಜವಾದ ದಾನಿಗಳ ಬಾಯಲ್ಲೂ ಈಚೆಗೆ ಒಂದು ಹೊಸ ಮಾತು ಓಡಾಡುತ್ತಿದೆ: "80ಜಿ ಇದೆಯಾ?" ಮಾರ್ಚ್ ಕೊನೆಯ ವಾರ ಅನಾಥಾಶ್ರಮಗಳ ಫೋನಿಗೆ ಬಿಡುವಿಲ್ಲ. ನಗದಾಗಿ ಎರಡು ಸಾವಿರ ರೂಪಾಯಿ ಮೀರಿದರೆ ತೆರಿಗೆ ವಿನಾಯಿತಿ ಇಲ್ಲ, ಚೆಕ್ಕೋ ಆನ್‌ಲೈನೋ ಆಗಬೇಕು, ಪಾನ್ ನಂಬರ್ ಕೊಡಬೇಕು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದ ಹಿರಿಯರು ಆಡಿಟರನ್ನು ಕಂಡವರಲ್ಲ.