ಬಾಲೋಪಾಯನ ಮೀಮಾಂಸೆ

ಮಕ್ಕಳಿಗೆ ಹಣದ ಬೆಲೆಯನ್ನು ತಿಳಿಸುವ ಸರ್ವೋತ್ತಮ ಸಾಧನವು ಅವರ ಕೈಯಿಂದ ಉಡುಗೊರೆ ಕೊಡಿಸುವುದೇ ಎಂದೂ, ಇಂತಿಷ್ಟರೊಳಗೇ ಕೊಳ್ಳತಕ್ಕದ್ದೆಂಬ ಮಿತಿಯನ್ನು ವಿಧಿಸಿ ಮಗುವನ್ನು ಅಂಗಡಿಗೆ ಕಳುಹಿದರೆ ವಿತ್ತವಿವೇಕವು ತಾನಾಗಿ ಅಂಕುರಿಸುವುದೆಂದೂ ರಾಯಚೂರಿನ ತಂಪು ಸಭಾಗೃಹಗಳಲ್ಲಿ ತಜ್ಞರು ಪಾಲಕರಿಗೆ ಬೋಧಿಸುತ್ತಿರುವ ಈ ಕಾಲದಲ್ಲಿ, ಆ ಶಾಸ್ತ್ರಕ್ಕೊಂದು ಭಾಷ್ಯವಿಲ್ಲದಿರುವುದು ನಾಡಿಗೇ ನ್ಯೂನತೆಯೆಂದು ಬಗೆದು, ಮಂದಮತಿಯಾದರೂ ಈ ಕಾರ್ಯಕ್ಕೆ ತೊಡಗಿರುವೆನು.

ಉಪಾಯನವು, ಎಂದರೆ ಉಡುಗೊರೆಯು, ಸಪ್ತವಿಧವಾದುದು. ಮೊದಲನೆಯದು ಪರಿಭ್ರಮಣೋಪಾಯನ: ರಾಯಚೂರಿನಲ್ಲಿ ಕೊಂಡ ಜಂಪರ್ ಖಣವು ಮಾನವಿಯ ಕುಬಸದ ಕಾರ್ಯದಲ್ಲಿ ಒಬ್ಬಳ ಉಡಿ ಸೇರಿ, ದೇವದುರ್ಗದ ಗೃಹಪ್ರವೇಶದಲ್ಲಿ ಇನ್ನೊಬ್ಬಳ ಉಡಿಗೆ ದಾಟಿ, ಮಡಿಕೆ ಬಿಚ್ಚದೆಯೇ ಮೊದಲು ಕೊಂಡವಳ ಪೆಟ್ಟಿಗೆಗೆ ಮರಳುವುದು. ಎರಡನೆಯದು ಹಸ್ತಾಂತರೋಪಾಯನ: ನೆಂಟರು ಮಗುವಿನ ಕೈಯಲ್ಲಿ 101 ರೂಪಾಯಿ ಇಟ್ಟು ಹೊಸ್ತಿಲು ದಾಟುವ ಮೊದಲೇ “ತಾ ಇಲ್ಲಿ, ನಾ ತೆಗೆದಿಡ್ತೀನಿ” ಎಂಬ ಮಾತೃವಾಕ್ಯವು ಪ್ರವರ್ತಿಸಿ, ರೊಕ್ಕವು ತಾಯಿಯ ಸೆರಗಿನ ಗಂಟಿಗೂ ದಾತರ ಹೆಸರು ತಂದೆಯ ಮುಯ್ಯಿ ಪುಸ್ತಕಕ್ಕೂ ಸಲ್ಲುವುವು, ಅವರ ಮಗನ ಮುಂಜಿಯಲ್ಲಿ ತೀರಿಸಬೇಕಾದ ಋಣವು ಮಗುವಿಗೆ ಅರಿವಿಲ್ಲದೆ ಮಗುವಿನ ಹೆಸರಿನಲ್ಲೇ ಜನಿಸಿರುವುದು. ತಜ್ಞರು ಇದನ್ನು ಉಳಿತಾಯವೆನ್ನುವರು.

ರೊಕ್ಕದ ಬೆಲೆಯ ಅರಿವು ಇಲ್ಲಿಯ ಮಕ್ಕಳಿಗೆ ಹೊಸತೂ ಅಲ್ಲ: ನಿಜಾಮರ ಆಳಿಕೆಯಲ್ಲಿ ಈ ಸೀಮೆಯೊಳಗೆ ಹಾಲಿ ಸಿಕ್ಕಾ ಎಂಬ ನಿಜಾಮರ ರೂಪಾಯಿ ನಡೆಯುತ್ತಿತ್ತು, ತುಂಗಭದ್ರೆಯ ಆಚೆ ಮದ್ರಾಸ್ ಪ್ರಾಂತದಲ್ಲಿ ಕಲ್ದಾರ್ ಎಂಬ ಬ್ರಿಟಿಷ್ ರೂಪಾಯಿ. 7 ಹಾಲಿಗೆ ಸುಮಾರು 6 ಕಲ್ದಾರ್. ಹೊಳೆಯಾಚೆಯ ಸೋದರಮಾವನಿತ್ತ ರೂಪಾಯಿಯು ಈಚೆಯ ಅತ್ತೆಯಿತ್ತ ರೂಪಾಯಿಗಿಂತ ಹೆಚ್ಚಿನದೆಂಬುದನ್ನು ಅಂದಿನ ಮಕ್ಕಳು ಯಾವ ಶಿಬಿರಕ್ಕೂ ಹೋಗದೆ ಬಲ್ಲವರಾಗಿದ್ದಿರಬೇಕು.

ಮೂರನೆಯದು ಆಯುರುಪಾಯನ. ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಗುರುಗಳಾದ ವಿಜಯದಾಸರ ಮಾತಿಗೆ ತಲೆಬಾಗಿ, ವ್ಯಾಧಿಪೀಡಿತರಾಗಿ ಬಂದ ಮಾನವಿ ಸೀಮೆಯ ಶ್ರೀನಿವಾಸಾಚಾರ್ಯರಿಗೆ, ಎಂದರೆ ಮುಂದೆ ಜಗನ್ನಾಥದಾಸರಾದವರಿಗೆ, ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದರೆಂದು ದಾಸಪರಂಪರೆಯು ಹೇಳುವುದು. ಮಿತಿಯನ್ನು ಮೀರಿದ ಈ ವೆಚ್ಚವನ್ನು ತಜ್ಞರು ಯಾವ ಅಂಕಣದಲ್ಲಿ ಬರೆದುಕೊಳ್ಳುವರೋ ಕಾಣೆ.

ಉಳಿದ ನಾಲ್ಕು ಭೇದಗಳನ್ನು ಓದುಗರೇ ಊಹಿಸಿಕೊಳ್ಳಲಿ, ನನಗೆ ಸಾಕಾಗಿದೆ. ಹತ್ತಿ ಬಿಡಿಸುವ ಕಾಲ ಬಂದಿತೆಂದರೆ ದೇವದುರ್ಗದ ಹಳ್ಳಿಗಳಲ್ಲಿ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿ ತಾಯಿಯೊಡನೆ ಟಂಟಂ ಏರುವ ಹುಡುಗಿಯರಿದ್ದಾರೆ. ಕೂಲಿ ಕಿಲೋ ಲೆಕ್ಕದ್ದು. ತಕ್ಕಡಿಯ ಮುಳ್ಳು ಎಲ್ಲಿ ನಿಂತಿತೆಂಬುದನ್ನು ಹೊಲದ ಧಣಿಗಿಂತ ಮೊದಲು ಅವರ ಕಣ್ಣು ಕಂಡಿರುತ್ತದೆ. ಆ ಕೂಲಿಯಲ್ಲಿ ಸಂತೆಯಿಂದ ತಮ್ಮನಿಗೊಂದು ಅಂಗಿ ತರುವ ಹುಡುಗಿಗೆ ಹಣದ ಬೆಲೆ ತಿಳಿಯದೆ? ತಿಳಿಯದವರು ನಾವು, ಅವಳ ಒಂದು ದಿನದ ಪಾಠವನ್ನು ಒಂದು ದಿನದ ಹತ್ತಿಗೆ ಮಾರಗೊಟ್ಟು ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬರೆದು ಕೈತೊಳೆದುಕೊಂಡವರು. ಅವಳೆದುರು ನಿಂತು ವಿತ್ತವಿವೇಕವನ್ನು ಉಪದೇಶಿಸುವ ನಾಲಗೆ ಯಾರಿಗಿದೆಯೋ ಅವರು ನಾಳೆ ಮುಂಜಾನೆಯ ದೇವದುರ್ಗದ ಬಸ್ಸು ಹತ್ತಲಿ.