ಮೊಳೆಗೆ ನೇತುಬಿದ್ದ ಚೆನ್ನೆಮಣೆಯ ಸಂದರ್ಶನ

ಮಡಿಕೇರಿಯ ಹೋಂಸ್ಟೇಯೊಂದರ ಹಜಾರ. ಹೊರಗೆ ಜುಲೈ ಮಳೆ. ರಾಜಾಸೀಟಿಗೆ ಹೋದವರು ಬರೀ ಮಂಜಿನ ಎದುರು ಸೆಲ್ಫಿ ತೆಗೆದುಕೊಂಡು ವಾಪಸಾಗಿದ್ದಾರೆ. ಕರೆಂಟ್ ಬೆಳಿಗ್ಗೆಯೇ ಹೋಗಿದೆ. ಒಳಗೆ ಕೂತು ಮಾಡುವಂಥದ್ದು ಈ ಊರಲ್ಲಿ ಏನೂ ಇಲ್ಲವಾ ಎಂಬ ಅತಿಥಿಗಳ ಪ್ರಶ್ನೆಗೆ ಮಾಲೀಕರು ಇನ್ನೊಂದು ಸುತ್ತು ಕಾಫಿ ಕೊಟ್ಟು ಜಾರಿಕೊಂಡಿದ್ದಾರೆ. ಗೋಡೆಯ ಮೇಲೆ, ಪೀಚೆಕತ್ತಿಗೂ ವೈಫೈ ಪಾಸ್‌ವರ್ಡಿನ ಚೀಟಿಗೂ ನಡುವೆ, ಹಲಸಿನ ಮರದ ಚೆನ್ನೆಮಣೆಯೊಂದು ನೇತಾಡುತ್ತಿದೆ. ಘಟ್ಟ ಹತ್ತಿ ಬಂದು ಅಲಂಕಾರದ ಸಾಮಾನಾದ ಅದು ಮಾತಿಗೆ ಒಪ್ಪಿತು.

ಪ್ರಶ್ನೆ: ಮಳೆ ದಿನಗಳಿಗಾಗಿ ಈ ಊರಿಗೊಂದು ದೊಡ್ಡ ಒಳಾಂಗಣ ಮನರಂಜನಾ ಕೇಂದ್ರ ಬೇಕು ಅಂತಾರೆ. ನೀವೇನಂತೀರಿ?

ಚೆನ್ನೆಮಣೆ: ಒಳಾಂಗಣ ಅಂದ ಕೂಡಲೇ ಮಳೆ ಹೊರಗೇ ನಿಂತಿತು ಅಂದುಕೊಳ್ಳುತ್ತೀರಲ್ಲ ಮಾರಾಯ್ರೆ, ಎಡವುವುದು ಅಲ್ಲೇ. 1,100 ಮೀಟರಿಗೂ ಎತ್ತರದ ಈ ಊರಲ್ಲಿ ಮಳೆ ತಂಡಿಯಾಗಿ ನಡುಮನೆಗೇ ಬಂದು ಕೂರುತ್ತದೆ. ಕೇರಂ ಬೋರ್ಡನ್ನೇ ನೋಡಿ: ಪ್ಲೈವುಡ್ ನೀರು ಹೀರಿ ಉಬ್ಬುತ್ತದೆ, ಪೌಡರು ಗಂಟು ಕಟ್ಟುತ್ತದೆ, ಎಷ್ಟೇ ಜೋರಾಗಿ ಹೊಡೆದರೂ ಸ್ಟ್ರೈಕರು ಅರ್ಧ ದಾರಿಯಲ್ಲಿ ಕುಳಿತುಬಿಡುತ್ತದೆ. ಇಸ್ಪೀಟಿನ ಎಲೆ ಒಂದಕ್ಕೊಂದು ಅಂಟಿಕೊಂಡು ಕಲಸಲು ಬರುವುದಿಲ್ಲ. ಪುಸ್ತಕದ ಕಪಾಟು ತೆರೆದರೆ ಬೂಷ್ಟು. ನಿಮ್ಮ ದೊಡ್ಡ ಕೇಂದ್ರದ ವಿಡಿಯೋ ಗೇಮೋ, ತಂತಿ ಮೇಲೊಂದು ಸಿಲ್ವರ್ ಮರ ಬಿದ್ದರೆ ಮುಗಿಯಿತು. ಹಾಗಾಗಿ ಮಳೆಯೂರಿನ ಆಟಕ್ಕೆ ಎರಡೇ ಪರೀಕ್ಷೆ: ತಂಡಿ ತಡೆಯಬೇಕು, ಕರೆಂಟಿಲ್ಲದೆ ನಡೆಯಬೇಕು. ನನ್ನಲ್ಲಿರುವುದು ಸಾಲಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ತೂಕದಲ್ಲಿ ಒಂದಕ್ಕೊಂದು ಹೆಚ್ಚು ವ್ಯತ್ಯಾಸವಿಲ್ಲವೆಂದು ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕೆಂಪು ಬೀಜ ಅದು. ಸಿಪ್ಪೆ ಎಷ್ಟು ಗಟ್ಟಿಯೆಂದರೆ ಮೊಳಕೆ ಬರಿಸಲು ಹೊರಟವರೇ ಅದನ್ನು ಉಜ್ಜಿ ಸವೆಸಬೇಕು. ಇನ್ನು ಕತ್ತಲಾದರೆ, ಗುಳಿಯಲ್ಲಿ ಎಷ್ಟಿದೆ ಅಂತ ಬೆರಳೇ ಹೇಳುತ್ತದೆ.

ಪ್ರಶ್ನೆ: ಆದರೆ ಊರಲ್ಲಿ ಮ್ಯೂಸಿಯಂಗಳಿವೆಯಲ್ಲ?

ಚೆನ್ನೆಮಣೆ: ಇವೆ, ನೋಡಲೇಬೇಕು. ಕೋಟೆಯೊಳಗೆ ಹಳೇ ಚರ್ಚ್ ಕಟ್ಟಡದಲ್ಲಿ ಒಂದು, ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ನಲ್ಲಿ 2021ರಲ್ಲಿ ತೆರೆದದ್ದು ಇನ್ನೊಂದು. ಎರಡೂ ಸೇರಿ ಅರ್ಧ ದಿನ ಕಳೆಯಿತು. ಮಳೆ ಹಿಡಿದರೆ ವಾರ ಬಿಡುವುದಿಲ್ಲ, ನಾಳೆಗೇನು? ಇಲ್ಲೇ ಹುಟ್ಟಿ ಬೆಳೆದವರಿಗೇನು? ಮತ್ತೆ ಮತ್ತೆ ಕೂತರೂ ಹಳಸದಂಥದ್ದು ಬೇಕು. ನನ್ನ ತವರಾದ ಘಟ್ಟದ ಕೆಳಗಿನ ತುಳುನಾಡಿನಲ್ಲಿ ಯಕ್ಷಗಾನ ಮೇಳದವರಿಗೆ ಇದು ಚೆನ್ನಾಗಿ ಗೊತ್ತು. ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ವಾದ. ಅದೇ ಪ್ರಸಂಗ, ಅದೇ ಪದ್ಯ. ಎದುರಿನ ಅರ್ಥಧಾರಿ ಬದಲಾದರೆ ಕೃಷ್ಣನ ಮಾತೇ ಬೇರೆ. ತಂಡಿಗೆ ಮದ್ದಳೆಯ ಚರ್ಮ ಸಡಿಲವಾಗುತ್ತದೆ ಅನ್ನುವುದೊಂದೇ ಕಿರಿಕಿರಿ. ನನಗೆ ಅದೂ ಇಲ್ಲ.

ಪ್ರಶ್ನೆ: ನಿಮ್ಮನ್ನು ತುಳುವರ ಆಟಿ ತಿಂಗಳಲ್ಲಿ ಮಾತ್ರ ಆಡಬೇಕು, ಅಕ್ಕ-ತಂಗಿ ಎದುರುಬದುರು ಕೂರಬಾರದು ಅನ್ನುತ್ತಾರೆ. ಇಷ್ಟೊಂದು ಕಟ್ಟಳೆಯ ಆಟ ಯಾರಿಗೆ ಬೇಕು?

ಚೆನ್ನೆಮಣೆ: ಆಟಿ ಹಬ್ಬದ ತಿಂಗಳಾಗಿರಲಿಲ್ಲ, ಹಸಿವಿನ ತಿಂಗಳು. ನಾಟಿ ಮುಗಿದಿದೆ, ಹೊಸ ಭತ್ತ ಬಂದಿಲ್ಲ, ಹಳೇ ಅಕ್ಕಿ ತಳಕಂಡಿದೆ, ಊಟಕ್ಕೆ ತಗಟೆ ಸೊಪ್ಪು, ಕೆಸು. ಕೆಲಸವಿಲ್ಲದ ತಿಂಗಳಿಗೆ ಆಟ ಕೊಟ್ಟರು, ಕೆಲಸ ಶುರುವಾದೊಡನೆ ಅಟ್ಟಕ್ಕೇರಿಸಿದರು. ಈಗಿನ ಮೊಬೈಲ್ ಗೇಮನ್ನು ಯಾವ ತಿಂಗಳಲ್ಲಿ ಅಟ್ಟ ಹತ್ತಿಸುತ್ತೀರಿ? ಅಕ್ಕ-ತಂಗಿಯರ ವಿಷಯಕ್ಕೆ ಬಂದರೆ ನನಗೆ ತಲೆ ಎತ್ತಲಾಗದು. ಸಿರಿ ಪಾಡ್ದನದಲ್ಲಿ ಅವಳಿ ಮಕ್ಕಳಾದ ಅಬ್ಬಗ-ದಾರಗರು ಚೆನ್ನೆಯಾಡುತ್ತಾ ಜಗಳವಾಡಿ, ಅಬ್ಬಗ ಮಣೆಯಿಂದಲೇ ದಾರಗಳಿಗೆ ಹೊಡೆದು ಕೊಂದಳು, ತಾನೂ ಬಾವಿಗೆ ಹಾರಿದಳು. ನಮ್ಮ ಕುಲದ ಮಣೆಯೇ ಅದು. ದಿನಗಟ್ಟಲೆ ಒಂದೇ ಸೂರಿನಡಿ ಕೂತವರ ಮುನಿಸು ಎಲ್ಲಿಗೆ ಮುಟ್ಟಬಹುದೆಂದು ಬಲ್ಲವರೇ ಆ ಕಟ್ಟಳೆ ಮಾಡಿದ್ದು.

ಪ್ರಶ್ನೆ: 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದವು. ಮಳೆಯೆಂದರೆ ಎದೆ ನಡುಗುವ ಜಿಲ್ಲೆಯಲ್ಲಿ ಆಟದ ಮಾತು ಹಗುರವಲ್ಲವೇ?

ಚೆನ್ನೆಮಣೆ: ಗುಡ್ಡದ ಕೆಳಗಿನ ಮನೆಯವರು ನನ್ನನ್ನು ಬಿಟ್ಟು ಮೊದಲು ಹೊರಡಲಿ. ನಾನು ಹೇಳುತ್ತಿರುವುದು ಉಳಿದವರಿಗೆ. ರೆಡ್ ಅಲರ್ಟ್ ದಿನ ಜಿಲ್ಲಾಡಳಿತ ಎಲ್ಲರನ್ನೂ ಕೇಳಿಕೊಳ್ಳುವುದು ಒಂದೇ, ಮನೆಯಲ್ಲಿರಿ. ಡಿಸಿ ರಜೆ ಕೊಟ್ಟರಾ ಅಂತ ಬೆಳಿಗ್ಗೆ ಆರಕ್ಕೇ ಫೋನ್ ತಿಕ್ಕುವ ಮಕ್ಕಳಿಗೆ ಹತ್ತು ಗಂಟೆಗೆಲ್ಲ ಬೇಜಾರು. ಅದೇ ಬೇಜಾರು ಹಿಡಿದ ದೊಡ್ಡವರೇ ತಾನೇ ಉಕ್ಕಿದ ಹೊಳೆಯ ಅಂಚಿಗೆ ರೀಲ್ಸ್ ಮಾಡಲು ಹೋಗುವುದು? ಅಲರ್ಟಿನ ಜೊತೆಗೆ ಮನೆಯಲ್ಲಿ ಕೂರುವ ದಾರಿಯನ್ನೂ ಹೇಳಬೇಕು.

ಪ್ರಶ್ನೆ: ಕೊನೆಯದಾಗಿ?

ಚೆನ್ನೆಮಣೆ: ಮೊದಲು ಮೊಳೆಯಿಂದ ಇಳಿಸಿ, ಗುಳಿಗೆ ಅಂಟಿಸಿದ ಒಣಹೂ ಕಿತ್ತುಹಾಕಿ. ಒಂದು ಗುಳಿಯ ಕಾಯಿ ಎತ್ತಿ ಬಲಕ್ಕೆ ಒಂದೊಂದೇ ಬಿಡುತ್ತಾ ಹೋಗಿ. ಮುಗಿದಲ್ಲಿಂದ ಮುಂದಿನ ಗುಳಿ ಎತ್ತಿ ಮತ್ತೆ ಬಿಡಿ. ಮುಂದಿನದು ಖಾಲಿಯಿದ್ದರೆ ಅದರಾಚೆಯದು ನಿಮ್ಮದು. ಆಟಿ ಆಗಸ್ಟ್ ನಡುವಿಗೆ ಮುಗಿಯುತ್ತದೆ, ಬೇಗ ಶುರು ಮಾಡಿ.