ಗೌಡರಿಗೆ ಹಿಸ್ಟರಿ ಇಲ್ಲ

ತುರುವೇಕೆರೆ ಕಡೆ ಒಬ್ಬನ ಯೋಗ್ಯತೆ ತಿಳಿಯಬೇಕಾದರೆ ಮೊದಲೆಲ್ಲ ಅವನ ಅಟ್ಟ ನೋಡುತ್ತಿದ್ದರು. ಎಷ್ಟು ಸಾವಿರ ಕಾಯಿ ಬಿದ್ದಿವೆ, ಅಲ್ಲಾಡಿಸಿದರೆ ಒಳಗೆ ಗಿಟುಕು ಗಡಗಡ ಅನ್ನುತ್ತದೋ ಇಲ್ಲವೋ, ಇಷ್ಟು ಗೊತ್ತಾದರೆ ತಿಪಟೂರಿನ ಮಂಡಿ ಸಾಹುಕಾರರು ಮಗಳ ಮದುವೆಗೆ ಮುಂಗಡ ಎಣಿಸಿಕೊಡುತ್ತಿದ್ದರು. ಈಗ ಅಟ್ಟ ಯಾರಿಗೂ ಬೇಡ, ಸಿಬಿಲ್ ಬೇಕು. ಸಾಲ ತೀರಿಸಿದ ಚರಿತ್ರೆಗೆ 300ರಿಂದ 900ರವರೆಗೆ ಅಂಕ. 750 ದಾಟಿದವನು ಮನುಷ್ಯ. ಕೆಳಗಿದ್ದವನಿಗೆ ‘ನೋಡೋಣ, ಮುಂದಿನ ವಾರ ಬನ್ನಿ’.

ಈ ಲೆಕ್ಕದಲ್ಲಿ ಅತಿ ದೊಡ್ಡ ಅಪರಾಧಿ ಯಾರೆಂದರೆ, ಹುಟ್ಟಿದಾಗಿನಿಂದ ಯಾರ ಹತ್ತಿರವೂ ಬಿಡಿಗಾಸು ಸಾಲ ಮಾಡದವನು. ಕಂತು ತಪ್ಪಿಸಿದವನಿಗಾದರೂ ಒಂದು ನಂಬರ್ ಇರುತ್ತದೆ. ಟ್ರ್ಯಾಕ್ಟರ್ ಸಾಲಕ್ಕೆ ಹೋದ ಅಂಥ ಯಜಮಾನರೊಬ್ಬರ ಸಿಬಿಲ್ ತೆಗೆದ ಆಫೀಸರು, “ಗೌಡ್ರೇ, ನಿಮಗೆ ಹಿಸ್ಟರಿನೇ ಇಲ್ವಲ್ಲ” ಅಂದರು.

“ಸಾಲನೇ ಮಾಡಿಲ್ಲ ಸ್ವಾಮಿ, ಎಲ್ಲಿಂದ ತರ್ಲಿ?”

“ಅದೇ ಪ್ರಾಬ್ಲಮ್ಮು.”

ಮದ್ದೂ ಅವರ ಬಳಿಯೇ ಇದೆ: ಎಫ್‌ಡಿ ಮೇಲಿನ ಕ್ರೆಡಿಟ್ ಕಾರ್ಡು. ನಿಮ್ಮ ದುಡ್ಡು ಠೇವಣಿ ಇಡಿ. ಬ್ಯಾಂಕು ಅದನ್ನು ಅಡವಿಟ್ಟುಕೊಂಡು, ಅದರಲ್ಲೇ ಮುಕ್ಕಾಲು ಪಾಲನ್ನೋ ತುಸು ಹೆಚ್ಚನ್ನೋ ಕಾರ್ಡಿನ ಲಿಮಿಟ್ ಎಂದು ನಿಮಗೇ ದಯಪಾಲಿಸುತ್ತದೆ. ನಿಮ್ಮ ದುಡ್ಡನ್ನು ನೀವೇ ಸಾಲ ಪಡೆದು, ಹೊತ್ತಿಗೆ ಸರಿಯಾಗಿ ನೀವೇ ತೀರಿಸಿದರೆ, ಆರೇಳು ತಿಂಗಳಲ್ಲಿ ನೀವು ನಂಬಿಕಸ್ಥರೆಂದು ಮುಂಬೈಯ ಸಿಬಿಲ್ ಕಚೇರಿಯಲ್ಲಿ ದಾಖಲಾಗುತ್ತದೆ. ನಗಬೇಡಿ, ಸಿಬಿಲ್ ಇಲ್ಲದವರಿಗೂ ಕೆಟ್ಟವರಿಗೂ ಸಲೀಸಾಗಿ ಸಿಗುವ ಕಾರ್ಡು ಇದೇ. ಅದನ್ನು ಬಿಟ್ಟು ಒಂದೇ ವಾರದಲ್ಲಿ ಐದು ಬ್ಯಾಂಕಿಗೆ ಅರ್ಜಿ ಗುಜರಾಯಿಸಿದರೆ, ಕೇಳಿದ ತಪ್ಪಿಗೇ ಅಂಕ ಇಳಿಯುತ್ತದೆ. ವಾರ್ಷಿಕ ಶುಲ್ಕವಿಲ್ಲದ್ದನ್ನೇ ಆರಿಸಿ. ಏರ್‌ಪೋರ್ಟ್ ಲೌಂಜಿನ ಆಸೆ ತೋರಿಸಿ ಶುಲ್ಕ ಕೀಳುವ ಕಾರ್ಡು ತುರುವೇಕೆರೆ ಬಸ್ ಸ್ಟ್ಯಾಂಡಿನಲ್ಲಿ ಏನು ಮಾಡೀತು?

ಲಿಮಿಟ್ ಇದೆಯೆಂದು ಪೂರ್ತಿ ಉಜ್ಜುವ ಹಾಗೂ ಇಲ್ಲ, ಮೂವತ್ತು ಪರ್ಸೆಂಟಿನೊಳಗಿರಬೇಕು. ಎಲೆ ತುಂಬ ಬಡಿಸಿ, ಮೂರನೇ ಒಂದು ಪಾಲು ಉಂಡು ಎದ್ದವನೇ ಸಭ್ಯ ಎನ್ನುವ ಬೀಗರೂಟ ಇದು. ‘ಮಿನಿಮಮ್ ಡ್ಯೂ’ ಕಂಡರಂತೂ ಇನ್ನೂ ಹುಷಾರು. ಐದು ಪರ್ಸೆಂಟ್ ಕಟ್ಟಿದರೆ ಸಾಕೆಂದು ಬೆನ್ನು ತಟ್ಟಿ, ಉಳಿದದ್ದಕ್ಕೆ ವರ್ಷಕ್ಕೆ ನಲವತ್ತರ ಆಸುಪಾಸು ಬಡ್ಡಿ ಜಡಿಯುತ್ತಾರೆ. ಮೀಟರ್ ಬಡ್ಡಿಯವನು ಬೈದು ಮಾಡುವ ಕೆಲಸವನ್ನೇ ಇವರು ‘ಡಿಯರ್ ಕಸ್ಟಮರ್’ ಎಂದು ಮಾಡುತ್ತಾರೆ.

ನಮ್ಮ ಕಡೆ ಇನ್ನೊಂದು ತಾಪತ್ರಯ. ಕಾಯಿ ಉಂಡೆ ಕೊಬ್ಬರಿಯಾಗಲು ಅಟ್ಟದಲ್ಲಿ ಹತ್ತು–ಹನ್ನೊಂದು ತಿಂಗಳು ಬೇಕು; ಕಾರ್ಡು ಕಾಯುವುದು ಹೆಚ್ಚೆಂದರೆ ಐವತ್ತು ದಿನ. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆಯಿತ್ತು, ಆ ಬೆಲೆಗೆ ಕೊಳ್ಳುವ ನಾಫೆಡ್‌ಗೆ ಕೊಡಲು ನೋಂದಣಿಗೇ ಸಾಲುಗಟ್ಟಿ ನಿಂತದ್ದಾಯಿತು. ರೈತನ ಕಂತು ತಡವಾದರೆ ಅಂಕ ಇಳಿಯುತ್ತದೆ. ಕೊಬ್ಬರಿ ಕೊಂಡವರ ದುಡ್ಡು ತಡವಾದರೆ ಅವರ ಅಂಕ ಇಳಿಸುವ ಸಿಬಿಲ್ ಇನ್ನೂ ಹುಟ್ಟಿಲ್ಲ.

ಹಳೇ ಸಾಲವನ್ನು ಲೋಕ ಅದಾಲತ್ತಿನಲ್ಲಿ ಒಂದಿಷ್ಟು ಕಟ್ಟಿ ಮುಗಿಸಿ, ಗೆದ್ದೆನೆಂದು ಊರಿಗೆ ಸಿಹಿ ಹಂಚಿದವರೂ ಇದ್ದಾರೆ. ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಎಂದಿಲ್ಲ, ‘ಸೆಟಲ್ಡ್’ ಎಂದಿದೆ. ಆ ಕಲೆ ವರ್ಷಗಟ್ಟಲೆ ಹೋಗುವುದಿಲ್ಲ. ಭಾವಮೈದನಿಗೆ ಜಾಮೀನು ಹಾಕಿದ್ದರೆ ಅವನ ಪಾಪವೂ ನಿಮ್ಮ ಪುಟದಲ್ಲೇ. ವರ್ಷಕ್ಕೊಮ್ಮೆ ರಿಪೋರ್ಟು ಪುಕ್ಕಟೆ, ತೆಗೆಸಿ ನೋಡಿ. ತಪ್ಪಿದ್ದರೆ ದೂರು ಕೊಡಿ. ಮೂವತ್ತು ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು ರಿಸರ್ವ್ ಬ್ಯಾಂಕೇ ಹೇಳಿದೆ.

ಯಜಮಾನರು ಕೊನೆಗೆ ಎಫ್‌ಡಿ ಇಟ್ಟು ಕಾರ್ಡು ತಗೊಂಡರು. ತಿಂಗಳಾ ಪೆಟ್ರೋಲ್ ಹಾಕಿಸಿ, ಪೂರ್ತಿ ತೀರಿಸಿ, 750 ದಾಟಿಸಿದರು. ಅಂದಿನಿಂದ ಫೋನಿನ ಕಾಟ. ಮೊನ್ನೆ ತೋಟದಲ್ಲಿ ಕಾಯಿ ಕೆಡವಿಸುತ್ತಿದ್ದಾಗ ಒಂದು ಹೆಣ್ಣುದನಿ, “ಸಾರ್, ನಿಮಗೆ ಐದು ಲಕ್ಷ ಲೋನ್ ಅಪ್ರೂವ್ ಆಗಿದೆ” ಅಂದಿತಂತೆ.

“ಅದ್ರಲ್ಲಿ ನಂದೆಷ್ಟು ಕಣಮ್ಮ, ನಿಮ್ದೆಷ್ಟು?”